ಕೈ ಎತ್ತಿದರೆ ಗಟ್ಟಿಮೇಳ

ಸಭೆಯಲ್ಲಿ ಕೈ ಎತ್ತುವುದು ನನಗೆ ಹುಟ್ಟಿನಿಂದಲೇ ಬಂದ ಗುಣ. ಎದುರಿಗೆ ನಿಂತವರು "ಯಾರಾದರೂ..." ಎಂದು ಬಾಯಿ ತೆರೆದರೆ ಸಾಕು, ಮುಂದಿನ ಮಾತು ಬರುವ ಮೊದಲೇ ನನ್ನ ಬಲಗೈ ಮೇಲೇರಿರುತ್ತದೆ. ಈ ಗುಣದ ದೆಸೆಯಿಂದ ನಾನು ನವಿ ಮುಂಬಯಿಯ ಐರೋಲಿಯಲ್ಲಿರುವ ನಮ್ಮ ವಸತಿ ಸೊಸೈಟಿಯಲ್ಲಿ ನೀರಿನ ಟ್ಯಾಂಕ್ ತೊಳೆಸುವ ಸಮಿತಿಗೆ ಅಧ್ಯಕ್ಷೆಯಾಗಿದ್ದೇನೆ. ಗಣಪತಿ ಹಬ್ಬಕ್ಕೆ ಇಡೀ ಬಿಲ್ಡಿಂಗಿಗೆ ಮೋದಕ ಮಾಡಿ ಬೆನ್ನು ನೋವು ಬರಿಸಿಕೊಂಡಿದ್ದೇನೆ. ಒಮ್ಮೆ ರಕ್ತದಾನ ಶಿಬಿರದಲ್ಲಿ ಏನೋ ಪ್ರಶ್ನೆ ಕೇಳೋಣವೆಂದು ಕೈ ಎತ್ತಿದವಳು ರಕ್ತ ಕೊಟ್ಟು, ಬಿಸ್ಕತ್ತು ತಿಂದು ಮನೆಗೆ ಬಂದಿದ್ದೇನೆ. ಪ್ರಶ್ನೆ ಹಾಗೆಯೇ ಉಳಿಯಿತು!

ಅದಕ್ಕೇ ನನ್ನ ಮಗಳು ಶ್ರಾವ್ಯ ಅಂದು ಶಾಲೆಯ ಪಾಲಕರ ಸಭೆಗೆ ನಾವು ಹೊರಡುವಾಗ ನನ್ನ ಸೆರಗು ಹಿಡಿದು, ಅಲ್ಲಿ ಕೈ ಎತ್ತಬೇಡವೆಂದು ಬೇಡಿಕೊಂಡಳು.

"ಮಮ್ಮಿ, ಮೀಟಿಂಗ್ ಮೇ ಹಾಥ್ ಮತ್ ಉಠಾನಾ. ಪ್ಲೀಸ್."

ಏಳನೆಯ ತರಗತಿಯ ಹುಡುಗಿ. ಐರೋಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ. ಅದೂ ಎರಡೇ ಮಾತು. ಇಷ್ಟು ಮಾತಾಡುವ ನನ್ನ ಹೊಟ್ಟೆಯಲ್ಲಿ ಇಂಥ ಮೌನಗೌರಿ ಹೇಗೆ ಹುಟ್ಟಿತೋ ದೇವರೇ ಬಲ್ಲ. ನಮ್ಮ ಯಜಮಾನರು ಮಾತ್ರ, "ನೀನು ಅವಳಿಗೆ ಜಾಗ ಎಲ್ಲಿ ಬಿಟ್ಟಿದ್ದೀಯೆ?" ಎನ್ನುತ್ತಾರೆ. ಅವರು ಮೈಸೂರಿನವರು. ರಬಾಳೆಯ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಮನೆಗೆ ಬೆಂಕಿ ಬಿದ್ದರೂ ಮೊದಲು ಕಾಫಿ ಮುಗಿಸಿ ಏಳುವ ಜಾತಿ.

ಇಂಥ ಶ್ರಾವ್ಯ ಬಾಯಿಬಿಟ್ಟದ್ದು ಒಂದೇ ವಸ್ತುವಿನ ಎದುರಿಗೆ, ಅದು ಸ್ಯಾಕ್ಸೋಫೋನ್. ಅವಳ ಶಾಲೆಯ ಟ್ರಸ್ಟಿನ ಅಧ್ಯಕ್ಷರು, ಎಲ್ಲರೂ ಶೇಠ್‌ಜಿ ಎಂದು ಕರೆಯುವವರು, ಹಿಂದಿನ ವರ್ಷ ಯಾವುದೋ ವಿದೇಶಕ್ಕೆ ಹೋಗಿ, ಅಲ್ಲಿಯ ಸರ್ಕಾರಿ ಶಾಲೆಗಳಲ್ಲೆಲ್ಲ ಜ್ಯಾಝ್ ಬ್ಯಾಂಡ್ ಇರುವುದನ್ನು ನೋಡಿ ಮರುಳಾಗಿ ಬಂದಿದ್ದರು. ಬಂದವರೇ ಸ್ಯಾಕ್ಸೋಫೋನ್, ಟ್ರಂಪೆಟ್, ಡ್ರಮ್ಮು ಎಲ್ಲ ತರಿಸಿದರು. ಮುಲುಂಡ್‌ನಿಂದ ಒಬ್ಬ ಜ್ಯಾಝ್ ಮೇಷ್ಟ್ರನ್ನೂ ಗೊತ್ತುಮಾಡಿದರು. ನಮ್ಮ ಮೌನಗೌರಿ ಸ್ಯಾಕ್ಸೋಫೋನಿಗೆ ಬಾಯಿ ಇಟ್ಟದ್ದೇ ತಡ, ಮನೆಯಲ್ಲಿ ನಗತೊಡಗಿದಳು. ಸಂಜೆ ಬಂದು "ಮಮ್ಮಿ, ಆಜ್ ಕ್ಯಾ ಹುವಾ ಪತಾ ಹೈ?" ಎಂದು ತಾನಾಗಿ ಮಾತು ತೆಗೆಯುವಳು. ನಾನು ಅಡುಗೆಮನೆಯಲ್ಲಿ ನಿಂತು ಕಣ್ಣೊರೆಸಿಕೊಂಡದ್ದುಂಟು. ಈರುಳ್ಳಿ ಹೆಚ್ಚುತ್ತಿರಲಿಲ್ಲ, ಆಣೆ!

ಅಷ್ಟರಲ್ಲಿ ಮೇಷ್ಟ್ರಿಗೆ ಪ್ರವಾಸಿ ಹಡಗಿನ ಬ್ಯಾಂಡಿನಲ್ಲಿ ಕೆಲಸ ಸಿಕ್ಕಿತು. ಒಂದು ಹಾಡನ್ನು ಅರ್ಧ ಕಲಿಸಿ, ಉಳಿದರ್ಧವನ್ನು ಸಮುದ್ರಕ್ಕೆ ಒಯ್ದರು.

ಆ ವಿಷಯಕ್ಕೇ ಅಂದಿನ ಸಭೆ. ಶೇಠ್‌ಜಿಯ ಜ್ಯಾಝ್ ಹುಚ್ಚು ಅಷ್ಟರೊಳಗೆ ಇಳಿದಿತ್ತು. ವಾಶಿಯಲ್ಲಿ ಶಾಲೆಗಳ ಬ್ಯಾಂಡ್ ಸ್ಪರ್ಧೆ ಬರುತ್ತಿದೆ, ಅದರಲ್ಲಿ ನಮ್ಮ ಬ್ಯಾಂಡ್ ನುಡಿಸಿದರೆ ಸರಿ, ಇಲ್ಲದಿದ್ದರೆ ವಾದ್ಯಗಳನ್ನು ಮಾರಿ ಆ ಕೋಣೆಯನ್ನು ಅಬಾಕಸ್ ಕ್ಲಾಸಿಗೆ ಕೊಡುವುದು ಎಂದು ಅವರು ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿದರು. ಆಮೇಲೆ, "ಯಾರಾದರೂ..." ಎಂದರು.

ನನ್ನ ಕೈ ಮೇಲಿತ್ತು.

"ಸರ್, ಸ್ಯಾಕ್ಸೋಫೋನ್ ಅಂದರೆ ನಮಗೆ ದೊಡ್ಡ ವಿಷಯವೇ ಅಲ್ಲ! ನಮ್ಮ ಉಡುಪಿ ಕಡೆ ಸ್ಯಾಕ್ಸೋಫೋನ್ ಇಲ್ಲದೆ ಮದುವೆಯೇ ಆಗುವುದಿಲ್ಲ. ದೇವಸ್ಥಾನದಲ್ಲಿ ಸ್ಯಾಕ್ಸೋಫೋನ್, ಗೃಹಪ್ರವೇಶಕ್ಕೆ ಸ್ಯಾಕ್ಸೋಫೋನ್. ಮೇಷ್ಟ್ರನ್ನು ನಾನು ಕರೆಸುತ್ತೇನೆ!"

ಹೊರಗೆ ಬಂದಾಗ ಯಜಮಾನರು ಮೆಲ್ಲಗೆ ಕೇಳಿದರು.

"ಅಲ್ವೇ ಸುಜಾತ, ಅವರು ಕೇಳ್ತಿರೋದು ಜ್ಯಾಝು ಕಣೇ. ನಿಮ್ಮೂರಲ್ಲಿ ನುಡಿಸೋದು ವಾಲಗ."

"ವಾದ್ಯ ಅದೇ ಅಲ್ವಾ ಮಾರಾಯ್ರೆ? ಒಂದೇ ಬಾಣಲೆಯಲ್ಲಿ ನೀವು ಬೋಂಡ ಮಾಡುವುದಿಲ್ವಾ, ನಾವು ಗೋಳಿಬಜೆ ಮಾಡುವುದಿಲ್ವಾ?"

ಈ ತರ್ಕ ಕೇಳಿ ಅವರು ರಿಕ್ಷಾ ಹುಡುಕತೊಡಗಿದರು. ನಾನು ಗೆದ್ದೆ ಎಂದುಕೊಂಡೆ.

ಊರಿನ ಶೇಖರಣ್ಣನಿಗೆ ಫೋನು ಹಚ್ಚಿದೆ. ನನ್ನ ಮದುವೆಗೆ ಸ್ಯಾಕ್ಸೋಫೋನ್ ನುಡಿಸಿದವರು ಅವರೇ. ಅಂದು ಅವರ ಗಟ್ಟಿಮೇಳದ ಅಬ್ಬರಕ್ಕೆ ಮೈಸೂರಿನ ಬೀಗರ ಪೈಕಿ ಒಬ್ಬ ಅಜ್ಜಿ ಕುರ್ಚಿಯಿಂದ ಜಾರಿದ್ದು ಎರಡೂ ಮನೆಯವರಿಗೆ ಇಂದಿಗೂ ನೆನಪಿದೆ.

"ಆಷಾಢ ಅಲ್ವಾ ಸುಜಾತಕ್ಕ," ಎಂದರು ಶೇಖರಣ್ಣ, "ಮದುವೆ ಇಲ್ಲ, ಮುಂಜಿ ಇಲ್ಲ, ಸ್ಯಾಕ್ಸೋಫೋನಿಗೆ ಬೂಷ್ಟು ಹಿಡಿಯುವ ಕಾಲ. ಬರ್ತೇನೆ. ಆದ್ರೆ ಊಟ ಮಾತ್ರ ಹೊತ್ತಿಗೆ ಸರಿಯಾಗಿ ಆಗ್ಬೇಕು, ಅದೊಂದು ನಮ್ಮ ಕಂಡೀಷನ್."

ಜುಲೈ ಮಳೆಯಲ್ಲಿ ಠಾಣೆ ಸ್ಟೇಷನ್ನಿನಲ್ಲಿ ಇಳಿದರು ಶೇಖರಣ್ಣ. ಜರಿ ಪಂಚೆ, ರೇಷ್ಮೆ ಶಾಲು, ಹಣೆಗೆ ಗಂಧ, ಕೈಯಲ್ಲಿ ಸ್ಯಾಕ್ಸೋಫೋನಿನ ಪೆಟ್ಟಿಗೆ. ಐರೋಲಿಯ ಟ್ರೇನಿನಲ್ಲಿ ಜನ ಅವರನ್ನು ನೋಡಿ ಯಾವುದೋ ಮಠದ ಸ್ವಾಮಿಗಳೆಂದು ತಿಳಿದು ಕೂರಲು ಜಾಗ ಕೊಟ್ಟರು. ಒಬ್ಬರು ಕಾಲಿಗೂ ಬಿದ್ದರು. ಶೇಖರಣ್ಣ ಆಶೀರ್ವಾದ ಮಾಡಿದರು!

ಅಂದು ರಾತ್ರಿ ಊಟದ ಹೊತ್ತಿಗೆ ನಾನು ಅವರಿಗೆ ಜ್ಯಾಝ್ ಎಂದರೇನೆಂದು ವಿವರಿಸಿದೆ. ನನಗೂ ತಿಳಿದದ್ದು ಅಷ್ಟಕ್ಕಷ್ಟೇ.

"ಬರೆದು ಇಟ್ಟದ್ದನ್ನು ಹಾಗೇ ನುಡಿಸ್ಲಿಕ್ಕಿಲ್ಲ ಶೇಖರಣ್ಣ. ಒಬ್ಬೊಬ್ಬರಾಗಿ ಮನಸ್ಸಿಗೆ ಬಂದದ್ದನ್ನು ನುಡಿಸುವುದು, ಆಮೇಲೆ ಎಲ್ಲರೂ ಒಟ್ಟಿಗೆ ಸೇರುವುದು."

ಶೇಖರಣ್ಣ ಸಾರು ಸುರಿದು ಬಾಯಿ ಒರೆಸಿಕೊಂಡರು. "ಹಾಗಾದ್ರೆ ನಾನು ಇಷ್ಟು ವರ್ಷ ನುಡಿಸಿದ್ದು ಜ್ಯಾಝೇ ಅಲ್ವಾ? ಯಾರೂ ಹೇಳ್ಲೇ ಇಲ್ಲ ಮಾರಾಯ್ತಿ!"

ಯಜಮಾನರಿಗೆ ನೆತ್ತಿ ಹತ್ತಿತು. ಶ್ರಾವ್ಯ ಮಾತ್ರ ಕಣ್ಣರಳಿಸಿ ಅವರನ್ನೇ ನೋಡುತ್ತಿದ್ದಳು.

ಮರುದಿನ ಶಾಲೆಯ ಬ್ಯಾಂಡ್ ಕೋಣೆಯಲ್ಲಿ ಪಾಠ ಶುರು. ವಾದ್ಯಗಳಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಡ್ರಮ್ಮಿಗೆ ಹೂವಿನ ಹಾರ ಹಾಕಿದ ಮೇಲೆ ಶೇಖರಣ್ಣ ಮಕ್ಕಳನ್ನು ನಿಲ್ಲಿಸಿ ತಮ್ಮ ವೃತ್ತಿಯ ಮೂಲಮಂತ್ರವನ್ನು ಬೋಧಿಸಿದರು.

"ಕಣ್ಣು ಕೈಯ ಮೇಲೆ, ಬಾಯಿ ಪೀಪಿಯ ಮೇಲೆ!"

ಮಕ್ಕಳು ಮಿಕಿಮಿಕಿ ನೋಡಿದರು. ಆಗ ಒಂದು ಆಶ್ಚರ್ಯ ನಡೆಯಿತು. ಎಂದೂ ನಾಲ್ಕು ಜನರೆದುರು ಮಾತಾಡದ ಶ್ರಾವ್ಯ, ಶೇಖರಣ್ಣನ ಕನ್ನಡವನ್ನು ಗೆಳತಿಯರಿಗೆ ಹಿಂದಿಯಲ್ಲಿ ಹೇಳಿಕೊಡತೊಡಗಿದಳು! ಅವಳಿಗೆ ಅಷ್ಟು ಕನ್ನಡ ತಿಳಿಯುತ್ತದೆಂಬುದೇ ನನಗೆ ಗೊತ್ತಿರಲಿಲ್ಲ. ಇಷ್ಟು ವರ್ಷ ಅವಳೆದುರಿಗೇ ಅವಳ ವಿಷಯ ಏನೇನು ಮಾತಾಡಿದ್ದೆನೋ!

ಶೇಖರಣ್ಣನ ಮಂತ್ರದ ಅರ್ಥ ಇಷ್ಟು. ಮದುವೆಯ ಮನೆಯಲ್ಲಿ ವಾದ್ಯದವನ ಕಣ್ಣು ಪುರೋಹಿತರ ಕೈಮೇಲೆಯೇ ಇರಬೇಕು. ತಾಳಿ ಕಟ್ಟುವ ಕ್ಷಣಕ್ಕೆ ಪುರೋಹಿತರು ಕೈ ಎತ್ತುತ್ತಾರೆ. ಎತ್ತಿದ ಕೂಡಲೇ ಏನು ನುಡಿಸುತ್ತಿದ್ದರೂ ಬಿಟ್ಟು ಗಟ್ಟಿಮೇಳ ಹಾರಿಸಬೇಕು. ಕೈ ಇಳಿಯಿತೋ, ಗಪ್ಪೆಂದು ನಿಲ್ಲಿಸಬೇಕು. ಒಮ್ಮೆ ಅವರ ಜೊತೆಗಾರನೊಬ್ಬ ಪಾಯಸದ ಕಡೆ ನೋಡುತ್ತಿದ್ದಾಗ ತಾಳಿ ಸದ್ದಿಲ್ಲದೆ ಕಟ್ಟಿಹೋಯಿತಂತೆ. ಹುಡುಗಿಯ ತಾಯಿ ಇಂದಿಗೂ ಅವನನ್ನು ಕಂಡರೆ ರಸ್ತೆ ದಾಟುತ್ತಾರಂತೆ.

ಅರ್ಧ ಕಲಿಸಿ ಹೋದ ಜ್ಯಾಝ್ ಹಾಡಿಗೆ ಕೊನೆಯಿರಲಿಲ್ಲ. "ಕೊನೆಗೆ ಗಟ್ಟಿಮೇಳ ಇಟ್ಟುಬಿಡುವ. ಶುಭಕಾರ್ಯ ಅಂದ್ಮೇಲೆ ಗಟ್ಟಿಮೇಳ ಇಲ್ಲದೆ ಹೇಗೆ ಮುಗಿಯುವುದು?" ಎಂದರು ಶೇಖರಣ್ಣ. ನಾನು ತಜ್ಞೆಯಂತೆ ತಲೆದೂಗಿದೆ. ಮೊದಲು ಹಾಡು, ನಡುವೆ ಶ್ರಾವ್ಯಳ ಒಬ್ಬಳದೇ ಸೋಲೋ, ಕೈ ಎತ್ತಿದ ಕೂಡಲೇ ಎಲ್ಲರ ಗಟ್ಟಿಮೇಳ ಎಂದು ನಿಶ್ಚಯವಾಯಿತು.

ಶ್ರಾವ್ಯಳ ಆ ಸೋಲೋ ನಮ್ಮ ಮನೆಯಲ್ಲೇ ಹುಟ್ಟಿತು. ಶಾಲೆಯ ಸ್ಯಾಕ್ಸೋಫೋನನ್ನು ಮನೆಗೆ ತಂದು, ಸಂಜೆ ಬಾಲ್ಕನಿಯಲ್ಲಿ ನಿಂತು, ಮಳೆ ನೋಡುತ್ತಾ, ಜ್ಯಾಝ್ ಮೇಷ್ಟ್ರು ಹೇಳಿಕೊಟ್ಟದ್ದಕ್ಕೆ ಶೇಖರಣ್ಣನ ಗಮಕ ಸೇರಿಸಿ ಅವಳು ಏನೋ ಒಂದನ್ನು ಕಟ್ಟುತ್ತಿದ್ದಳು. ಕೆಳಗಿನ ಮನೆಯ ಮರಾಠಿ ಹೆಂಗಸು, ನಾವೆಲ್ಲ ಕಾಕು ಎಂದು ಕರೆಯುವವರು, ಕೂಡ ಟೀವಿ ಸಣ್ಣದು ಮಾಡಿ ಕೇಳುತ್ತಿದ್ದರು. ಅವರು ಟೀವಿ ಸಣ್ಣದು ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಇನ್ನು ಶಾಲೆಯಲ್ಲಿ ಮಕ್ಕಳ ಶಿಸ್ತು ನೋಡಬೇಕಿತ್ತು! ಕೈ ಎತ್ತಿದರೆ ಗಟ್ಟಿಮೇಳ, ಇಳಿಸಿದರೆ ಮೌನ. ಪ್ರಿನ್ಸಿಪಾಲ್ ದೇಶಪಾಂಡೆ ಮೇಡಂ ಬಂದು ನೋಡಿ, "ನನ್ನ ಮಾತನ್ನು ಈ ಮಕ್ಕಳು ಒಂದು ದಿನವೂ ಹೀಗೆ ಕೇಳಿಲ್ಲ" ಎಂದು ಮರಾಠಿಯಲ್ಲಿ ಬೆರಗುಪಟ್ಟರು. ಹೊರಟು ಹೋಗುವಾಗ ಬಾಗಿಲಲ್ಲಿ ಟಾಟಾ ಮಾಡಲು ಕೈ ಎತ್ತಿದರು. ಗಟ್ಟಿಮೇಳ! ಮೇಡಂ ಹೊಸ್ತಿಲು ಎಡವಿದರು.

ತೊಂದರೆಯ ಮೊದಲ ಸೂಚನೆ ಅದೇ. ಬ್ಯಾಂಡ್ ಕೋಣೆಯ ಕಿಟಕಿ ಆಟದ ಮೈದಾನಕ್ಕೂ ಗೇಟಿಗೂ ಮುಖಮಾಡಿತ್ತು. ವಾಚ್‌ಮನ್ ರಿಕ್ಷಾ ನಿಲ್ಲಿಸಲು ಕೈ ಎತ್ತಿದರೆ ಒಳಗಿಂದ ಗಟ್ಟಿಮೇಳ. ಪಿ.ಟಿ. ಮೇಷ್ಟ್ರು "ಹ್ಯಾಂಡ್ಸ್ ಅಪ್" ಎಂದರೆ ಗಟ್ಟಿಮೇಳ, "ಡೌನ್" ಎಂದರೆ ಮೌನ, ಮತ್ತೆ "ಅಪ್" ಎಂದರೆ ಮತ್ತೆ ಗಟ್ಟಿಮೇಳ. ಎರಡು ದಿನದಲ್ಲಿ ಇಡೀ ಡ್ರಿಲ್ಲು ದಿಬ್ಬಣದ ಕುಣಿತವಾಯಿತು. ಪಿ.ಟಿ. ಮೇಷ್ಟ್ರು ಬಂದು ಶೇಖರಣ್ಣನ ಹತ್ತಿರ ಜಗಳ ತೆಗೆದರು. ಕೋಪದಲ್ಲಿ ಕೈ ಎತ್ತಿದರು. ಆ ಜಗಳ ಯಾರಿಗೂ ಕೇಳಿಸಲಿಲ್ಲ.

ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬಂದದ್ದು ಹೆಮ್ಮೆ!

"ನೋಡಿದ್ರಾ ಮಾರಾಯ್ರೆ, ನಮ್ಮೂರಿನವರು ಹಿಡಿದ ಕೆಲಸ ಅಂದ್ರೆ ಹೀಗೆ!"

"ನೋಡ್ದೆ ಕಣೇ," ಎಂದರು ಯಜಮಾನರು ಕಾಫಿ ಹೀರುತ್ತಾ. "ನಂಗ್ಯಾಕೋ ನಮ್ಮಜ್ಜಿ ಕುರ್ಚಿಯಿಂದ ಜಾರಿದ್ದು ನೆನಪಾಗ್ತಿದೆ."

ಸ್ಪರ್ಧೆಯ ದಿನ ಬಂತು. ನಾನು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. ಐರೋಲಿಯಲ್ಲಿ ನನಗೆ ಗೊತ್ತಿರುವ ಕನ್ನಡದ ಹೆಂಗಸರನ್ನೆಲ್ಲ, ಭಜನೆಯವರು, ಅರಸಿನ ಕುಂಕುಮದವರು, ತರಕಾರಿ ಮಾರ್ಕೆಟ್ಟಿನಲ್ಲಿ ನಕ್ಕವರು, ಎಲ್ಲರನ್ನೂ ವಾಶಿಯ ಸಭಾಂಗಣಕ್ಕೆ ಕರೆದುಕೊಂಡು ಹೋದೆ. ಮಕ್ಕಳು ನುಡಿಸಿ ಮುಗಿಸಿದ ಮೇಲೆ ಆಶೀರ್ವಾದ ಮಾಡೋಣವೆಂದು ಡಬ್ಬಿಯ ತುಂಬ ಅರಸಿನ ಕಲಸಿದ ಅಕ್ಷತೆ ತಂದಿದ್ದೆ. ಒಬ್ಬೊಬ್ಬರ ಕೈಗೂ ಒಂದೊಂದು ಹಿಡಿ ಕೊಟ್ಟೆ. ಮೊದಲ ಸಾಲಿನಲ್ಲಿ ಪ್ರಿನ್ಸಿಪಾಲ್ ಮೇಡಂ ಅವರ ಯಜಮಾನರು ಕೂತಿದ್ದರು. ಪಾಪ, ಬರಿಗೈಯಲ್ಲಿದ್ದಾರೆ ಎಂದು ಅವರ ಕೈಗೂ ಹಾಕಿದೆ. "ಥ್ಯಾಂಕ್ ಯೂ" ಎಂದರು.

ವೇದಿಕೆಯ ಮೇಲೆ ಉದ್ಘಾಟನೆಗೆಂದು ಎಲ್ಲ ಶಾಲೆಗಳ ಬ್ಯಾಂಡುಗಳೂ ವಾದ್ಯ ಹಿಡಿದು ಸಾಲಾಗಿ ನಿಂತಿದ್ದವು. ಪರದೆಯ ಸಂದಿಯಲ್ಲಿ ನಿಂತ ಶೇಖರಣ್ಣ ನನ್ನನ್ನು ಸನ್ನೆ ಮಾಡಿ ಕರೆದರು.

"ಸುಜಾತಕ್ಕ, ಇಲ್ಲಿ ಪುರೋಹಿತರು ಯಾರು?"

"ಇಲ್ಲಿ ಎಂತ ಪುರೋಹಿತರು ಶೇಖರಣ್ಣ? ತೀರ್ಪುಗಾರರು ಇರ್ತಾರೆ ಅಷ್ಟೇ."

ಅಷ್ಟರಲ್ಲಿ ತೀರ್ಪುಗಾರರು ವೇದಿಕೆ ಹತ್ತಿದರು. ಮುಂಬಯಿಯ ದೊಡ್ಡ ಜ್ಯಾಝ್ ತಜ್ಞರಂತೆ. ಬಿಳಿ ಜುಬ್ಬಾ. ಹಣೆ ಬೋಳಾಗಿ, ಹಿಂದೆ ಉಳಿದ ನರೆಗೂದಲನ್ನು ಗಂಟು ಹಾಕಿ ಜುಟ್ಟು ಕಟ್ಟಿದ್ದರು.

ಶೇಖರಣ್ಣನ ಮುಖ ಬೆಳಗಿತು. "ಜುಟ್ಟು ಉಂಟಲ್ಲ ಮತ್ತೆ!" ಎಂದವರೇ ಮಕ್ಕಳ ಕಡೆ ತಿರುಗಿ, "ಜುಟ್ಟಿನವರ ಕೈ ನೋಡಿ ಮಕ್ಕಳೇ!" ಎಂದು ಪಿಸುಗುಟ್ಟಿದರು. ಶ್ರಾವ್ಯ ಅದನ್ನು ಹಿಂದಿಗೆ ತಿರುಗಿಸಿದಳು. ಹತ್ತಾರು ಕಣ್ಣು ಜುಟ್ಟಿನವರ ಕೈಗೆ ಅಂಟಿಕೊಂಡವು.

ನಾನು ನನ್ನ ಕುರ್ಚಿಗೆ ಮರಳಿದ್ದೇ ತಡ, ಮುಂದಿನದು ಕ್ಷಣಾರ್ಧದಲ್ಲಿ ನಡೆದು ಹೋಯಿತು. ದೇಶಪಾಂಡೆ ಮೇಡಂ ಶಾಲೆಗಳ ಪರವಾಗಿ ತೀರ್ಪುಗಾರರ ಕೊರಳಿಗೆ ದೊಡ್ಡದೊಂದು ಸೇವಂತಿಗೆ ಹಾರ ಹಾಕಿದರು. ಅವರೋ ಮಹಾ ವಿನಯವಂತರು. "ಈ ಗೌರವ ನನ್ನದಲ್ಲ, ಶಿಕ್ಷಕರದು!" ಎಂದು ಅದೇ ಹಾರವನ್ನು ತೆಗೆದು ಮೇಡಂ ಕೊರಳಿಗೆ ಹಾಕಿದರು. ಹಾಕಿ, ಸಭಿಕರ ಕಡೆ ತಿರುಗಿ, ನಗುತ್ತಾ, ಬಲಗೈ ಎತ್ತಿದರು.

ಗಟ್ಟಿಮೇಳ!

ಓದುಗರೇ, ನೀವೇ ನ್ಯಾಯ ಹೇಳಿ. ಎದುರಿಗೆ ಗಂಡು ಹೆಣ್ಣು, ಕೊರಳಿಗೆ ಹಾರ, ಕಿವಿ ತುಂಬ ಗಟ್ಟಿಮೇಳ, ಕೈ ತುಂಬ ಅಕ್ಷತೆ. ಆ ಕೈ ಸುಮ್ಮನಿರುತ್ತದೆಯೇ? ಭಜನೆಯವರು ಎದ್ದರು, ಅರಸಿನ ಕುಂಕುಮದವರು ಎದ್ದರು, ವೇದಿಕೆಯ ಮೇಲೆ ಹಳದಿ ಅಕ್ಕಿಯ ಮಳೆ! ಉತ್ಸಾಹಕ್ಕೆ ಸಭೆಯ ಮರಾಠಿಗರೂ ತಮ್ಮ ಮದುವೆಗಳಲ್ಲಿ ಕೂಗುವಂತೆ "ಶುಭಮಂಗಲ ಸಾವಧಾನ!" ಎಂದು ಒಕ್ಕೊರಲಿನಿಂದ ಕೂಗಿದರು. ಮೊದಲ ಸಾಲಿನಲ್ಲಿ ಮೇಡಂ ಅವರ ಯಜಮಾನರು ಎದ್ದು ನಿಂತು ತಮ್ಮ ಖಾಲಿ ಕೈಯನ್ನೇ ದಿಟ್ಟಿಸುತ್ತಿದ್ದರು. ತಮ್ಮ ಪಾಲಿನದನ್ನು ಅವರೂ ಎಸೆದಾಗಿತ್ತು!

ಮೊದಲು ಎಸೆದವರು ಯಾರೆಂದು ಆಮೇಲೆ ದೊಡ್ಡ ಚರ್ಚೆಯಾಯಿತು. ಯಾರಿಗೂ ಗೊತ್ತಾಗಲಿಲ್ಲ. ನನಗೆ ಗೊತ್ತು. ನನ್ನ ಬಲಗೈಯೇ.

ಜುಟ್ಟಿನಿಂದ ಅಕ್ಕಿ ಕೊಡವಿಕೊಳ್ಳುತ್ತಾ ತೀರ್ಪುಗಾರರು ಬೇಸರವನ್ನೇನೂ ತೋರಿಸಲಿಲ್ಲ. ಆದರೆ ಒಂದು ಬ್ಯಾಂಡಿಗೆ ಒಂದೇ ಸಲ ನುಡಿಸುವ ಅವಕಾಶ, ನೀವು ನುಡಿಸಿ ಆಯಿತಲ್ಲ ಎಂದು ನಮ್ಮ ಮಕ್ಕಳನ್ನು ಕೆಳಗಿಳಿಸಿದರು. ಹಾಡೂ ಇಲ್ಲ, ಸೋಲೋನೂ ಇಲ್ಲ. ನಾನು ಎದ್ದು ವಾದಿಸಲು ಹೊರಟೆ, ಯಜಮಾನರು ಕೈ ಹಿಡಿದು ಕೂರಿಸಿದರು.

ಶೇಖರಣ್ಣನಿಗೆ ಮಾತ್ರ ಒಂದಿಷ್ಟೂ ಪಶ್ಚಾತ್ತಾಪವಿರಲಿಲ್ಲ. "ಮುಹೂರ್ತ ತಪ್ಪಿಲ್ಲ ಅಲ್ವಾ?" ಎಂದರು. ಶ್ರಾವಣ ಹತ್ತಿರವಾಗಿತ್ತು, ಊರಲ್ಲಿ ಮದುವೆಗಳು ಕಾಯುತ್ತಿದ್ದವು. ಹೊತ್ತಿಗೆ ಸರಿಯಾಗಿ ಊಟ ಮಾಡಿ, ರೈಲು ಹತ್ತಿ ಹೊರಟರು.

ಮನೆಯಲ್ಲಿ ಉಳಿದದ್ದು ಶ್ರಾವ್ಯಳ ಮೌನ. ಮೊದಲಿನ ಮೌನವಲ್ಲ ಅದು. ಊಟಕ್ಕೆ ಕರೆದರೆ ಬರುವಳು, ತಿನ್ನುವಳು, ಸ್ಯಾಕ್ಸೋಫೋನನ್ನು ಪೆಟ್ಟಿಗೆಯಲ್ಲೇ ಬಿಟ್ಟು ಬಾಲ್ಕನಿಯಲ್ಲಿ ಬರಿಗೈಯಲ್ಲಿ ನಿಲ್ಲುವಳು. ಗಾಳಿಯಲ್ಲಿ ಬೆರಳುಗಳು ಮಾತ್ರ ಸೋಲೋ ನುಡಿಸುತ್ತಿದ್ದವು. ನನ್ನ ತವರಿನ ಜಂಬಕ್ಕೆ ನನ್ನ ಮಗುವಿನ ಬಾಯಿಯೇ ಮುಚ್ಚಿಹೋಯಿತಲ್ಲ ಎಂದು ಒಬ್ಬಳೇ ಕೂತು ಅತ್ತೆ. ಈ ಸಲವೂ ಈರುಳ್ಳಿ ಇರಲಿಲ್ಲ.

ಶೇಠ್‌ಜಿ ಟ್ರಸ್ಟಿಗಳ ಸಭೆ ಕರೆದರು. ಬ್ಯಾಂಡ್ ಮುಚ್ಚುವುದನ್ನು ಮತಕ್ಕೆ ಹಾಕುವುದು, ಮತ ಬಿದ್ದ ಕೂಡಲೇ ಮಕ್ಕಳು ವಾದ್ಯಗಳನ್ನು ಒಪ್ಪಿಸುವುದು. ಅದಕ್ಕಾಗಿ ಮಕ್ಕಳು ವಾದ್ಯಗಳೊಂದಿಗೆ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದರು. ಎರಡು ಕೋಣೆಗಳ ನಡುವೆ ದೊಡ್ಡ ಬಾಗಿಲು, ಅದು ತೆರೆದೇ ಇತ್ತು. ಪಾಲಕರ ಪರವಾಗಿ ಒಬ್ಬರು ಮಾತಾಡಬಹುದೆಂದರು. ಆ ಒಬ್ಬರು ಯಾರೆಂದು ಹೇಳಬೇಕೆ? ಭಾಷಣವನ್ನು ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದೆ. ಸಂಗೀತದ ಮಹಿಮೆ, ಮಕ್ಕಳ ಭವಿಷ್ಯ, ನಡುವೆ ಎರಡು ಕಡೆ ಗದ್ಗದ ಕಂಠ. ಗದ್ಗದ ಎಲ್ಲಿ ಬರಬೇಕೆಂದು ಯಜಮಾನರ ಎದುರು ಅಭ್ಯಾಸವನ್ನೂ ಮಾಡಿದ್ದೆ.

ಶೇಠ್‌ಜಿ ಗಂಟಲು ಸರಿಮಾಡಿಕೊಂಡರು. "ಬ್ಯಾಂಡ್ ಬಂದ್ ಕರ್ನೇ ಕೇ ಪಕ್ಷ್ ಮೇ ಜೋ ಹೈಂ, ಕೃಪಯಾ ಹಾಥ್ ಉಠಾಯೇಂ."

ಬ್ಯಾಂಡ್ ಮುಚ್ಚಬೇಕೆನ್ನುವ ಟ್ರಸ್ಟಿಗಳು ಕೈ ಎತ್ತಿದರು.

ಗಟ್ಟಿಮೇಳ!

ಗೋಡೆಯ ಮೇಲಿನ ಸಂಸ್ಥಾಪಕರ ಫೋಟೋ ಓರೆಯಾಯಿತು. ಟ್ರಸ್ಟಿಗಳು ಗಾಬರಿಯಿಂದ ಕೈ ಇಳಿಸಿದರು. ಮೌನ. ಕೈ ಇಳಿದ ಮೇಲೆ ಮತ ಎಣಿಸುವುದು ಹೇಗೆ? ಮತ್ತೆ ಎತ್ತಿದರು. ಮತ್ತೆ ಗಟ್ಟಿಮೇಳ. ಒಬ್ಬ ಟ್ರಸ್ಟಿ ಉಪಾಯದಿಂದ ಕಿರುಬೆರಳು ಮಾತ್ರ ಎತ್ತಿದರು. ಕಿರುಬೆರಳಿಗೂ ಮೇಳ ಬಂತು, ಸ್ವಲ್ಪ ಮೆತ್ತಗೆ!

"ಬಾಯಲ್ಲಿ ಹೇಳೋಣವೇ?" ಎಂದರು ಇನ್ನೊಬ್ಬರು. ಟ್ರಸ್ಟಿನ ನಿಯಮದ ಪ್ರಕಾರ ಕೈ ಎತ್ತಿಯೇ ಮತ ಹಾಕಬೇಕೆಂದು ಕಾರ್ಯದರ್ಶಿ ಪುಸ್ತಕ ತೆಗೆದು ತೋರಿಸಿದರು. "ಆ ಬಾಗಿಲು ಹಾಕೋ!" ಎಂದು ಶೇಠ್‌ಜಿ ಪ್ಯೂನನ ಮೇಲೆ ಗುಡುಗಿದರು. ಅವನು ಬಾಗಿಲು ಎಳೆದ. ಮಳೆಗಾಲದ ಮರ, ಉಬ್ಬಿತ್ತು, ಮೇಲಿನ ಚಿಲಕ ಹಾಕದೆ ನಿಲ್ಲುವುದಿಲ್ಲ. ಮೇಲಿನ ಚಿಲಕಕ್ಕೆ ಕೈ ಎತ್ತಲೇಬೇಕು. ಎತ್ತಿದ. ಬೆಚ್ಚಿಬಿದ್ದು ಬಾಗಿಲನ್ನೇ ಬಿಟ್ಟ!

ಇದೇ ಸಮಯವೆಂದು ನಾನು ಎದ್ದೆ. ಮಾತಿಗೆ ಮೊದಲು ಅಪ್ಪಣೆ ಬೇಡಬೇಕಲ್ಲ, ಕೈ ಎತ್ತಿದೆ. ಗಟ್ಟಿಮೇಳ ಹಾರಿತು. ನಾನು ಹೆದರಲಿಲ್ಲ. ಭಾಷಣ ಶುರುಮಾಡಿದೆ. ನನಗೆ ಕೈ ಎತ್ತಿದರೆ ಇಳಿಸಿ ಗೊತ್ತಿಲ್ಲ. ಸಂಗೀತದ ಮಹಿಮೆ ಮುಗಿಯಿತು, ಮಕ್ಕಳ ಭವಿಷ್ಯಕ್ಕೆ ಬಂದೆ, ಮೊದಲನೆಯ ಗದ್ಗದವನ್ನೂ ಸರಿಯಾದ ಜಾಗದಲ್ಲಿ ಇಟ್ಟೆ. ಒಂದು ಅಕ್ಷರವೂ ನನಗೇ ಕೇಳಿಸುತ್ತಿರಲಿಲ್ಲ.

ತಾಳಿ ಕಟ್ಟಲು ಎಷ್ಟು ಹೊತ್ತು ಬೇಕು? ಗಟ್ಟಿಮೇಳ ಇರುವುದೇ ಅಷ್ಟು ಹೊತ್ತಿಗೆ. ನನ್ನ ಕೈ ಇನ್ನೂ ಮೇಲೆಯೇ ಇತ್ತು. ಮಕ್ಕಳ ಬತ್ತಳಿಕೆ ಖಾಲಿಯಾಯಿತು. ನಿಲ್ಲಿಸುವಂತಿಲ್ಲ, ಶೇಖರಣ್ಣನ ಆಜ್ಞೆ! ಒಂದು ಗಳಿಗೆ ತಡವರಿಸಿ, ಡ್ರಮ್ಮು ಮೆಲ್ಲಗೆ ತಾಳ ಹಿಡಿಯಿತು. ಟ್ರಂಪೆಟ್ಟು ಆ ಅರ್ಧ ಹಾಡನ್ನು ಎತ್ತಿಕೊಂಡಿತು. ಆಮೇಲೆ ಶ್ರಾವ್ಯ ಬಾಗಿಲಿಗೆ ಬಂದು ನಿಂತಳು, ಕಣ್ಣು ನನ್ನ ಕೈಯ ಮೇಲೆ, ಬಾಯಿ ಪೀಪಿಯ ಮೇಲೆ. ಸೋಲೋ ಶುರುವಾಯಿತು.

ನಮ್ಮ ಬಾಲ್ಕನಿಯ ಸೋಲೋ. ಈಗ ನಾನು ಮಾತಾಡಿದ್ದರೆ ಎಲ್ಲರಿಗೂ ಕೇಳಿಸುತ್ತಿತ್ತು. ಭಾಷಣದ ಅತ್ಯುತ್ತಮ ಭಾಗ, ಎರಡನೆಯ ಗದ್ಗದ, ನಾಲಿಗೆಯ ತುದಿಯಲ್ಲೇ ಇತ್ತು. ನುಂಗಿದೆ. ಕೈ ಇಳಿದರೆ ಸೋಲೋ ನಿಲ್ಲುತ್ತದೆ, ಬಾಯಿ ತೆರೆದರೆ ಸೋಲೋ ಕೆಡುತ್ತದೆ. ಜೀವಮಾನದಲ್ಲಿ ಮೊದಲ ಸಲ ನಾನು ಕೈ ಎತ್ತಿ ಸುಮ್ಮನೆ ನಿಂತೆ. ತೋಳು ಮರಗಟ್ಟಿತು. ಎಡಗೈಯಿಂದ ಬಲಗೈಯನ್ನು ಎತ್ತಿ ಹಿಡಿದೆ. ಹಿಂದಿನಿಂದ ಯಜಮಾನರು ಎದ್ದು ಬಂದು, ನನ್ನ ಮೊಣಕೈಗೆ ಆಸರೆ ಕೊಟ್ಟರು. ಕಾಫಿ ಲೋಟವನ್ನು ಅರ್ಧಕ್ಕೇ ಬಿಟ್ಟು ಬಂದಿದ್ದರು!

ಮೇಜಿನ ಕೆಳಗೆ ಶೇಠ್‌ಜಿಯ ಚಪ್ಪಲಿ ತಾಳ ಹಾಕುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ.

ಸೋಲೋ ತಾನಾಗಿ ಮುಗಿದ ಮೇಲೆಯೇ ನನ್ನ ಕೈ ಇಳಿಯಿತು. ಶೇಠ್‌ಜಿ ಕಣ್ಣುಜ್ಜಿಕೊಂಡು, ಬಿಗುಮಾನ ತಂದುಕೊಂಡು, ಹೊತ್ತೆಷ್ಟಾಯಿತೆಂದು ನೋಡಲು ಗಡಿಯಾರ ಕಟ್ಟಿದ ಕೈ ಎತ್ತಿದರು.

ಗಟ್ಟಿಮೇಳ!

"ಬಸ್, ಬಸ್! ಅಗ್ಲೀ ಮೀಟಿಂಗ್ ಮೇ ದೇಖೇಂಗೇ!" ಎಂದು ಕೂಗಿ ಅವರು ಎದ್ದೇಬಿಟ್ಟರು. ಆ ಮುಂದಿನ ಸಭೆಯಲ್ಲೂ ಮತ ಎಣಿಸಲಾಗಲಿಲ್ಲ. ಅದರ ಮುಂದಿನದರಲ್ಲೂ ಇಲ್ಲ. ಅಬಾಕಸ್‌ನವರು ಕಾದು ಕಾದು ಬೇರೆ ಜಾಗ ನೋಡಿಕೊಂಡರು. ನಮ್ಮ ಶಾಲೆಯ ಜ್ಯಾಝ್ ಬ್ಯಾಂಡು ಇಂದಿಗೂ, ಕಾನೂನಿನ ಪ್ರಕಾರ, ಮುಚ್ಚುವ ಹಂತದಲ್ಲೇ ನಡೆಯುತ್ತಿದೆ.

ಅಂದು ರಿಕ್ಷಾದಲ್ಲಿ ಮನೆಗೆ ಬರುವಾಗ ನನಗೆ ನನ್ನ ಭಾಷಣದ್ದೇ ಯೋಚನೆ. ಬ್ಯಾಂಡ್ ಉಳಿದದ್ದು ಅದರ ಮೊದಲರ್ಧದಿಂದಲೋ, ಗದ್ಗದದಿಂದಲೋ ತಿಳಿಯಬೇಕಿತ್ತು.

"ಮಾರಾಯ್ರೆ, ಭಾಷಣ ಹೇಗಿತ್ತು?"

"ಗಟ್ಟಿಮೇಳ ಚೆನ್ನಾಗಿತ್ತು ಕಣೇ," ಎಂದರು ಯಜಮಾನರು.

ನಮ್ಮಿಬ್ಬರ ನಡುವೆ ಸ್ಯಾಕ್ಸೋಫೋನನ್ನು ತಬ್ಬಿಕೊಂಡು ಕೂತಿದ್ದ ಶ್ರಾವ್ಯ ನನ್ನ ತೋಳು ಮುಟ್ಟಿದಳು. ನೋಯುತ್ತಿದ್ದ ಅದೇ ತೋಳು. ಮಮ್ಮಿ ಎನ್ನಲಿಲ್ಲ. ಹಿಂದಿಯಲ್ಲೂ ಹೇಳಲಿಲ್ಲ.

"ಅಮ್ಮ, ಮುಂದಿನ ಮೀಟಿಂಗಿಗೂ ಬಾ. ಹೀಗೇ ಕೈ ಎತ್ತು. ಮಾತಾಡ್ಬೇಡ, ಅಷ್ಟೇ."

ಹುಟ್ಟಿದಂದಿನಿಂದ ನನ್ನ ಮಗಳು ನನ್ನೊಡನೆ ಆಡಿದ ಅತಿ ಉದ್ದದ ಕನ್ನಡದ ಮಾತು ಅದು. ನನಗೆ ಸಂತೋಷಕ್ಕೆ ಏನೇನೋ ಹೇಳಬೇಕೆನಿಸಿತು. ಹೇಳಲಿಲ್ಲ. ಕೈ ಎತ್ತಿದೆ. ರಿಕ್ಷಾದವನು ಗಕ್ಕನೆ ಗಾಡಿ ನಿಲ್ಲಿಸಿ ನಮ್ಮನ್ನು ಮಳೆಯಲ್ಲಿ ಅಲ್ಲೇ ಇಳಿಸಿದ.